ಕಣ್ಣು ಕಾಣುವುದಿಲ್ಲವೇ ನಿನಗೆ?

ಆಕೆಗೆ ಹದಿನಾಲ್ಕು ವರ್ಷ. ಮದ್ರಸದಲ್ಲಿ ಕುರ್‌ಆನನ್ನು ತಪ್ಪಿಲ್ಲದೆ ಓದುತ್ತಿದ್ದಳು. ಆದರೆ ನಡೆಯುವಾಗ ಮಾತ್ರ ಮಕ್ಕಳ ಚೀಲಗಳಿಗೆ ಎಡವುವಳು, ಬಾಗಿಲ ಬಳಿಯ ಬಕೆಟ್ ಒದೆಯುವಳು. ಒಂದು ದಿನ ಎಲ್ಲರೆದುರೇ ಗದರಿಸಿದೆ: "ಕಣ್ಣು ಕಾಣುವುದಿಲ್ಲವೇ ನಿನಗೆ?"

ಆಕೆ ತಲೆ ತಗ್ಗಿಸಿ, "ಸಂಜೆಯಾದರೆ ಸ್ವಲ್ಪ ಕಡಿಮೆ ಟೀಚರ್" ಎಂದಳು.

ಆ ಉತ್ತರ ನನ್ನ ನಿದ್ದೆ ಕೆಡಿಸಿತು. ಅವಳ ಉಮ್ಮನನ್ನು ಕರೆದುಕೊಂಡು ಕಣ್ಣಿನ ವೈದ್ಯರ ಬಳಿಗೆ ಹೋದೆವು. ಫಲಕದ ಅಕ್ಷರಗಳನ್ನು ಹುಡುಗಿ ಹೆಚ್ಚುಕಡಿಮೆ ಸರಿಯಾಗಿಯೇ ಓದಿದಳು. ಆದರೆ ನೋಟದ ಅಗಲ ಅಳೆದಾಗ 8 ಡಿಗ್ರಿ ಮಾತ್ರ! ಕೊಳವೆಯೊಳಗಿಂದ ಇಣುಕಿದಂತೆ. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ, ವಂಶವಾಹಿಯಿಂದ ಬರುವ ಕಾಯಿಲೆ. "ಕಾನೂನಿನ ಪ್ರಕಾರ ಇದು ಅಂಧತ್ವ" ಎಂದರು ವೈದ್ಯರು.

"ಅಕ್ಷರ ಓದುವವಳು ಕುರುಡಿ ಹೇಗಾಗುತ್ತಾಳೆ?" ಉಮ್ಮ ಅತ್ತೇಬಿಟ್ಟರು.

ವೈದ್ಯರು ತಾಳ್ಮೆಯಿಂದ ವಿವರಿಸಿದರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಂತೆ, ಪೂರ್ತಿ ಕತ್ತಲೆ ಮಾತ್ರ ಅಂಧತ್ವವಲ್ಲ. ಕನ್ನಡಕ ಹಾಕಿದ ಮೇಲೂ, ಎರಡರಲ್ಲಿ ಉತ್ತಮವಾದ ಕಣ್ಣಿನ ದೃಷ್ಟಿ 3/60ಕ್ಕಿಂತ ಕಡಿಮೆಯಿದ್ದರೆ ಅದು ಅಂಧತ್ವ. ಅಂದರೆ, ಸಾಮಾನ್ಯ ಕಣ್ಣು 60 ಮೀಟರ್ ದೂರದಿಂದ ಗುರುತಿಸುವುದನ್ನು ಈ ಕಣ್ಣು 3 ಮೀಟರ್ ಹತ್ತಿರಕ್ಕೆ ಬಂದರೂ ಗುರುತಿಸದು. ನೋಟದ ಅಗಲ 10 ಡಿಗ್ರಿಗಿಂತ ಕಡಿಮೆಯಿದ್ದರೂ ಹಾಗೆಯೇ. ಇಷ್ಟು ತೀವ್ರವಲ್ಲದ ನ್ಯೂನತೆಗೆ ಮಂದದೃಷ್ಟಿ ಎಂಬ ಬೇರೆ ವರ್ಗವಿದೆ. ಕನ್ನಡಕದಿಂದ ಸರಿಯಾಗುವ ದೋಷ ಎರಡಕ್ಕೂ ಸೇರದು.

ಪ್ರಮಾಣಪತ್ರದ ಮಾತು ಬಂದಾಗ ಉಮ್ಮ ನನ್ನ ಕೈ ಹಿಡಿದರು. "ಆ ಕಾಗದ ಬೇಡ ಟೀಚರ್. ನಾಳೆ ಇವಳಿಗೆ ಸಂಬಂಧ ಯಾರು ತರುತ್ತಾರೆ?"

ನಾನು ಅಬ್ದುಲ್ಲಾ ಇಬ್ನು ಉಮ್ಮು ಮಕ್ತೂಮ್(ರ)ರನ್ನು ನೆನಪಿಸಿದೆ. ಅವರು ಅಂಧರು. ಅವರ ವಿಷಯದಲ್ಲಿಯೇ 'ಅಬಸ' ಅಧ್ಯಾಯದ ಆರಂಭದ ಸೂಕ್ತಗಳು ಅವತೀರ್ಣಗೊಂಡವು. ಪ್ರವಾದಿ(ಸ)ರ ಕಾಲದಲ್ಲಿ ಅವರು ಅಝಾನ್ ಕೊಡುತ್ತಿದ್ದರು. ಅವರ ಅಂಧತ್ವವನ್ನು ಯಾರೂ ಮುಚ್ಚಿಡಲಿಲ್ಲ, ಅದಕ್ಕಾಗಿ ಅವರನ್ನು ಮೂಲೆಗೂ ತಳ್ಳಲಿಲ್ಲ. "ಮುಚ್ಚಿಟ್ಟರೆ ನೋಟ ಹೆಚ್ಚುವುದಿಲ್ಲ. ಕಾಗದವಿದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯವಾದರೂ ಸಿಗುತ್ತದೆ" ಎಂದೆ.

ಎರಡು ತಿಂಗಳ ನಂತರ ಅವರೇ ಅರ್ಜಿ ಹಾಕಿದರು.

ನಾನು ಗದರಿಸಿದ್ದು ಎಲ್ಲರೆದುರು. ಹಾಗಾಗಿ ಕ್ಷಮೆಯನ್ನೂ ಎಲ್ಲರೆದುರೇ ಕೇಳಿದೆ. ಈಗ ನಮ್ಮ ತರಗತಿಯಲ್ಲಿ ಚೀಲಗಳೆಲ್ಲ ಗೋಡೆಯ ಬದಿಯಲ್ಲಿರುತ್ತವೆ.

ಸಹೋದರಿಯರೇ, ನಿಮ್ಮ ಮನೆಯಲ್ಲಿ ಮಗ್ರಿಬ್ ಹೊತ್ತಿಗೆ ಎಡವುವ ಮಗುವಿದ್ದರೆ, ಬೈಯುವ ಮುನ್ನ ಒಮ್ಮೆ ಕಣ್ಣು ತೋರಿಸಿ.