ಅರಸೀಕೆರೆ ಸಂತೆಯ ‘ಸ’

ಕ್ಯಾಸೆಟ್ಟಿನೊಳಗಿನ ಟೇಪು 4 ಮಿಲಿಮೀಟರಿನಷ್ಟೂ ಅಗಲವಿಲ್ಲ. ಓಡುವುದೂ ಸೆಕೆಂಡಿಗೆ 5 ಸೆಂಟಿಮೀಟರಿಗಿಂತ ಕಡಿಮೆ. ಅಷ್ಟು ಕಿರಿದಾದ ದಾರಿಯಲ್ಲಿ ಅಡ್ಡಾದಿಡ್ಡಿಯಾಗಿ ಅಂಟಿಕೊಂಡಿರುವ ಕಾಂತೀಯ ಕಣಗಳೇ ‘ಸುಯ್’ ಎನ್ನುವುದು. ಹಾಡಿನ ಕ್ಯಾಸೆಟ್ಟಾದರೆ ತಬಲ, ಹಾರ್ಮೋನಿಯಂ ಅದನ್ನು ಮುಚ್ಚಿಬಿಡುತ್ತವೆ. ಮನೆಯಲ್ಲಿ ಮಾತು ರೆಕಾರ್ಡ್ ಮಾಡಿದ್ದರೆ, ಮಾತು ನಿಂತಾಗಲೆಲ್ಲ ಅದು ಮೇಲೆದ್ದು ಬರುತ್ತದೆ.

ನಮ್ಮಲ್ಲಿರುವುದು ಅಂಥದೇ. 1991ರಲ್ಲಿ ಅಪ್ಪ ನಮ್ಮ ಅಜ್ಜಿಯನ್ನು ಎದುರಿಗೆ ಕೂರಿಸಿಕೊಂಡು ತವರಿನ ಸಂಗತಿಗಳನ್ನು ಕೇಳಿ ತುಂಬಿಸಿಟ್ಟದ್ದು. ಅಜ್ಜಿಯ ದನಿ ಬೇರೆಲ್ಲೂ ಇಲ್ಲ. ಈ ರಜೆಯಲ್ಲಿ ಪಿಯುಸಿ ಓದುವ ಮಗಳು ಅದನ್ನು ಕಂಪ್ಯೂಟರಿಗೆ ಇಳಿಸಲು ಕೂತಳು.

ಸದ್ದು ತೆಗೆಯುವುದೆಲ್ಲ ಕಂಪ್ಯೂಟರಿನ ಕೆಲಸವೆಂದು ಮಕ್ಕಳು ತಿಳಿದಿರುತ್ತಾರೆ. ಅರ್ಧ ಕೆಲಸ ಅದಕ್ಕೂ ಮೊದಲೇ ಇದೆ. ಪ್ಲೇಯರಿನ ಹೆಡ್ಡಿಗೆ ಕಂದು ಪುಡಿ ಮೆತ್ತಿಕೊಂಡಿದ್ದರೆ ಮಾತು ಮಂಕಾಗುತ್ತದೆ. ಮಾತು ಮಂಕಾದಷ್ಟೂ ಸುಯ್ ಜೋರೆನಿಸುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದೆವು. ಹೆಡ್ಡಿನ ಪಕ್ಕದ ಸಣ್ಣ ತಿರುಪನ್ನು ಎಳ್ಳಷ್ಟು ತಿರುಗಿಸಿದೆವು. ರೆಕಾರ್ಡ್ ಮಾಡಿದ ಯಂತ್ರದ ಹೆಡ್ಡು ಎಷ್ಟು ಓರೆಯಿತ್ತೋ ಇದೂ ಅಷ್ಟೇ ಓರೆಯಾಗಬೇಕು. ಅಜ್ಜಿ ಕಂಬಳಿಯೊಳಗಿಂದ ಮುಖ ಹೊರಹಾಕಿ ಮಾತಾಡಿದಂತಾಯಿತು!

ಪ್ಲೇಯರಿನಲ್ಲಿ ಡಾಲ್ಬಿ ಗುಂಡಿಯೂ ಇತ್ತು. ಇದನ್ನು ಕಂಡುಹಿಡಿದ ರೇ ಡಾಲ್ಬಿ 1963ರಿಂದ ಎರಡು ವರ್ಷ ನಮ್ಮ ದೇಶದಲ್ಲೇ ಯುನೆಸ್ಕೊ ಸಲಹೆಗಾರರಾಗಿದ್ದವರು. ಆದರೆ ಡಾಲ್ಬಿ ಹಾಕಿ ರೆಕಾರ್ಡ್ ಮಾಡಿದ ಟೇಪಿಗಷ್ಟೇ ಆ ಗುಂಡಿ ಸಲ್ಲುತ್ತದೆ. ನಮ್ಮದು ಅಂಥದಲ್ಲ, ಮುಟ್ಟಲಿಲ್ಲ.

ಆಮೇಲೆ ಅಡಾಸಿಟಿ ಎಂಬ ಉಚಿತ ತಂತ್ರಾಂಶ. ಯಾರೂ ಮಾತಾಡದ ಒಂದೆರಡು ಸೆಕೆಂಡನ್ನು ಆರಿಸಿ ‘ಇದೇ ಬೇಡದ ಸದ್ದು’ ಎಂದು ತೋರಿಸಿದರೆ, ಉಳಿದೆಡೆಯೂ ಅದನ್ನು ತಗ್ಗಿಸುತ್ತದೆ. ಮಗಳು ಒಂದು ಪ್ರತಿಯ ಮೇಲೆ 24 ಡೆಸಿಬೆಲ್ ಇಟ್ಟು ನೋಡಿದಳು. ಸುಯ್ ಪೂರಾ ಮಾಯ. ಅಜ್ಜಿ ಮಾತ್ರ ನೀರೊಳಗಿಂದ ಮಾತಾಡುತ್ತಿದ್ದಳು. ‘ಅರಸೀಕೆರೆ ಸಂತೆ’ ಎಂದದ್ದು ‘ಅಂತೆ’ ಎಂದು ಕೇಳಿಸಿತು.

‘ಸ’, ‘ಶ’ ಅಕ್ಷರಗಳೂ ಒಂದು ಬಗೆಯ ಸುಯ್ ಸದ್ದೇ ತಾನೆ? ಬಾಯಿಂದ ಹೊರಡುವ ಈ ಗಾಳಿಯ ಸದ್ದೂ ಟೇಪಿನ ಸದ್ದೂ ಮೇಲಿನ ಕಂಪನಾಂಕಗಳಲ್ಲಿ ಒಂದರ ಮೇಲೊಂದು ಕೂತಿರುತ್ತವೆ. ಯಾವುದು ಟೇಪು, ಯಾವುದು ಅಜ್ಜಿ ಎಂದು ಕಂಪ್ಯೂಟರಿಗೆ ಹೇಗೆ ತಿಳಿಯಬೇಕು? ಅದೂ ಅಲ್ಲದೆ ಅಜ್ಜಿಗೆ ಮುಂದಿನ ಎರಡು ಹಲ್ಲಿರಲಿಲ್ಲ. ‘ಸ’ ಎಂದಾಗ ಹಿಂದೆಯೇ ಒಂದು ಸಣ್ಣ ಸಿಳ್ಳೆ ಬರುತ್ತಿತ್ತು. ಅದೂ ಹೋಗಿತ್ತು.

ಅಪ್ಪ ಕೇಳಿ, ‘ಇದು ನಮ್ಮವ್ವ ಅಲ್ಲ ಕಣೇ’ ಎಂದರು.

ಕೊನೆಗೆ 6 ಡೆಸಿಬೆಲ್ಲಿಗೆ ನಿಲ್ಲಿಸಿದಳು. ಸುಯ್ ಹಿಂದೆ ಸರಿದು ಕೂತಿತು, ಸಿಳ್ಳೆ ಉಳಿಯಿತು. ಏನೂ ತೆಗೆಯದ ಮೂಲವನ್ನು ವೇವ್ ಕಡತವಾಗಿಯೇ ಇಡಿಸಿದ್ದೇನೆ. ಗಂಟೆಗೆ ಸುಮಾರು 600 ಎಂಬಿ ಜಾಗ ಹಿಡಿದರೂ ಚಿಂತೆಯಿಲ್ಲ. ನಾಳೆ ಇದಕ್ಕಿಂತ ಜಾಣ ತಂತ್ರಾಂಶ ಬಂದರೆ ಅದಕ್ಕೆ ಕೊಡಬೇಕಾದ್ದು ಇದನ್ನೇ.

ಕ್ಯಾಸೆಟ್ಟಿನ ಇನ್ನೊಂದು ಮಗ್ಗುಲು ಬಾಕಿಯಿದೆ. 30 ನಿಮಿಷದ ಮಾತು ಇಳಿಯಲು 30 ನಿಮಿಷವೇ ಬೇಕು. ಭಾನುವಾರ ಎಷ್ಟು ಹೊತ್ತಿಗೆ ಶುರು ಮಾಡುತ್ತೀಯೆಂದು ಅಪ್ಪ ಮೊಮ್ಮಗಳನ್ನು ಎರಡು ಸಲ ಕೇಳಿಯಾಗಿದೆ.