ಅಜ್ಜನ ಟ್ರಾಮು, ಚೀನಾದ ಪುಟ್ಟ ರೈಲು

ಮೊನ್ನೆ ಮಗ ಫೋನಿಗೆ ಒಂದು ವಿಡಿಯೋ ಕಳಿಸಿದ. ಕೆಳಗೆ ಒಂದೇ ಸಾಲು: "ಅಪ್ಪಾ, ಇದು ನಿನಗೇ." ತೆರೆದು ನೋಡಿದರೆ, ಸಾಸಿವೆ ಜಾತಿಯ ಹಳದಿ ಹೂವಿನ ಹೊಲಗಳ ನಡುವೆ ಒಂದು ಪುಟಾಣಿ ಉಗಿಬಂಡಿ ಕರಿ ಹೊಗೆ ಉಗುಳುತ್ತಾ ಏರು ಹತ್ತುತ್ತಿದೆ. ಚೀನಾದ್ದಂತೆ. ಊಟ ಆರಿಹೋಗುವವರೆಗೂ ನಾಲ್ಕು ಸಲ ನೋಡಿದೆ. "ಮೂವತ್ತೈದು ವರ್ಷ ಬಾಯ್ಲರ್ ಮುಂದೆ ನಿಂತದ್ದು ಸಾಲದಾ ನಿಮಗೆ?" ಅಂದಳು ನನ್ನಾಕೆ. ಸಾಲದು ಅನ್ನಿ!

ನಾನು ಭದ್ರಾವತಿಯವನು. ಜೀಡಿಮೆಟ್ಲಾಕ್ಕೆ ಬಂದದ್ದು 1981ರಲ್ಲಿ. ಚಿಂತಲ್‌ನ ಎಚ್‌ಎಂಟಿ ಸೈರನ್ನು, ಶಾಪುರ್ ನಗರದ ಇರಾನಿ ಚಾಯ್, ಮಳೆ ಬಂದರೆ ಮೂಗಿಗೆ ಹೊಡೆಯುವ ಕೆಮಿಕಲ್ ವಾಸನೆ... ಇವೇ ಆಗಿನ ನಮ್ಮ ಪ್ರಪಂಚ. ಔಷಧಿ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಬಾಯ್ಲರ್ ಅಟೆಂಡೆಂಟ್ ಆಗಿ ಸೇರಿ, ಫೋರ್‌ಮನ್ ಆಗಿ ನಿವೃತ್ತನಾದೆ. ರೈಲು ಓಡಿಸಲಿಲ್ಲ. ಆದರೆ ಉಗಿ ಎಂದರೆ ಏನೆಂದು ಗೊತ್ತು. ಗೇಜ್ ಗ್ಲಾಸಿನಲ್ಲಿ ನೀರು ಕಾಣುತ್ತಿರಬೇಕು, ಅಷ್ಟೆ. ಕಾಣದಿದ್ದರೆ ಅಲ್ಲಿ ನಿಲ್ಲಬಾರದು.

ವಿಡಿಯೋದ ರೈಲಿನ ಹಿಂದೆ ಬಿದ್ದು ಒಂದಷ್ಟು ಓದಿದೆ. ಸಿಚುವಾನ್ ಪ್ರಾಂತ್ಯದಲ್ಲಿ, ಲೇಶಾನ್ ಬೆಟ್ಟದಲ್ಲಿ ಕೆತ್ತಿದ 71 ಮೀಟರಿನ ಬುದ್ಧ ಇದ್ದಾನಲ್ಲ, ಅದೇ ಸೀಮೆಯಲ್ಲಿದೆ ಇದು. ಜಿಯಾಯಾಂಗ್ ಕಲ್ಲಿದ್ದಲು ಗಣಿಯ ರೈಲು. 1959ರಿಂದ ಓಡಾಟ. ಉದ್ದ ಇಪ್ಪತ್ತು ಕಿಲೋಮೀಟರಿಗೆ ಚೂರು ಕಡಿಮೆ. ಹಳಿಗಳ ನಡುವೆ ಬರೀ 762 ಮಿಲಿಮೀಟರ್, ಅಂದರೆ ಎರಡೂವರೆ ಅಡಿ. ಎಂಟು ಚಕ್ರಗಳನ್ನು ಒಟ್ಟಿಗೆ ಜೋಡಿಸಿದ ಸಿ2 ಎಂಬ ಎಂಜಿನ್ನು. ಕೊನೆಯಲ್ಲಿದ್ದ ಗಣಿ ನಿಂತಿತು, ಆದರೆ ಬಾಗೌ ಎಂಬ ಊರಿಗೆ ರಸ್ತೆಯೇ ಇರಲಿಲ್ಲ. ಹಾಗಾಗಿ ಹಂದಿಮರಿ, ಕೋಳಿ, ತರಕಾರಿ ಬುಟ್ಟಿ, ಶಾಲೆ ಮಕ್ಕಳು ಎಲ್ಲಾ ಇದೇ ಡಬ್ಬಿಗಳಲ್ಲಿ. ಈಗ ಹೂವು ಅರಳುವ ಕಾಲಕ್ಕೆ ಪ್ರವಾಸಿಗರು ಮುಗಿಬೀಳುತ್ತಾರೆ. ಅದೇ ರೈಲನ್ನು ಉಳಿಸಿದ್ದೂ ಹೌದು.

ಎಲ್ಲವೂ ಹಾಗೆ ನಿಲ್ಲದೆ ಓಡಲಿಲ್ಲ. ಈಶಾನ್ಯದ ಹೇಲಾಂಗ್‌ಜಿಯಾಂಗ್‌ನ ಹುವಾನಾನ್ ಎಂಬಲ್ಲಿ ಹಿಮದಲ್ಲಿ ಕಲ್ಲಿದ್ದಲು ಎಳೆಯುತ್ತಿದ್ದ ಇಂಥದೇ ರೈಲು 2011ರಲ್ಲಿ ನಿಂತುಹೋಯಿತು. ನಮ್ಮ ಚಿತ್ತರಂಜನ್‌ನಲ್ಲಿ ಬ್ರಾಡ್‌ಗೇಜಿನ ಕೊನೆಯ ಉಗಿ ಎಂಜಿನ್ 'ಅಂತಿಮ ಸಿತಾರಾ' ಹೊರಬಂದದ್ದು 1970ರಲ್ಲಿ. ಚೀನಾದ ದಾತೋಂಗ್ ಕಾರ್ಖಾನೆ ಮಾತ್ರ 1988ರವರೆಗೂ ದೊಡ್ಡ ಉಗಿ ಎಂಜಿನ್ನುಗಳನ್ನು ಮಾಡುತ್ತಲೇ ಇತ್ತು. ಕಲ್ಲಿದ್ದಲು ಕಾಲಬುಡದಲ್ಲೇ ಇರುವಾಗ ಡೀಸೆಲ್ ಯಾಕೆ ಎಂಬ ಲೆಕ್ಕ.

ಇಷ್ಟೆಲ್ಲಾ ಓದುವಾಗ ನೆನಪಾದದ್ದು ನಮ್ಮಜ್ಜ.

ನಮ್ಮೂರಿನ ಕಬ್ಬಿಣದ ಕಾರ್ಖಾನೆ ಸರ್ ಎಂ.ವಿ. ಅವರ ಕನಸು. 1923ರಲ್ಲಿ ಕುಲುಮೆ ಹೊತ್ತಿತು. ಹತ್ತಿರದಲ್ಲಿ ಕಲ್ಲಿದ್ದಲು ಇಲ್ಲ, ಹಾಗಾಗಿ ಮಲೆನಾಡಿನ ಮರ ಸುಟ್ಟ ಇದ್ದಿಲೇ ಗತಿ. ಅದಿರು ಕೆಮ್ಮಣ್ಣುಗುಂಡಿಯದು. ಕಾಡಿನಿಂದ ಮರ, ಬೆಟ್ಟದಿಂದ ಅದಿರು ತರಲು ಕಿರುಹಳಿಯ ಬಂಡಿಗಳು. ಊರವರ ಬಾಯಲ್ಲಿ ಅದು 'ಟ್ರಾಮು'. ತರೀಕೆರೆಯಿಂದ ನರಸಿಂಹರಾಜಪುರಕ್ಕೂ ಎರಡಡಿ ಹಳಿಯ ಟ್ರಾಮು ಇತ್ತು. ಅಜ್ಜ ಕಾರ್ಖಾನೆ ಟ್ರಾಮಿನಲ್ಲಿ ಫೈರ್‌ಮನ್. ಬೆಂಕಿಗೆ ಮೇವು ಹಾಕುವ ಕೆಲಸ.

ಅಜ್ಜ ಟ್ರಾಮಿನ ಮೇಲೆ ನಿಂತದ್ದನ್ನು ನಾನು ಕಂಡಿಲ್ಲ. ಕಂಡದ್ದು ಜಗಲಿಯ ಮೇಲೆ ಕೂತು ಕೆಮ್ಮುವ ಅಜ್ಜನನ್ನು. ಚಳಿಗಾಲದಲ್ಲಿ ಇಡೀ ರಾತ್ರಿ ಕೆಮ್ಮು. ಎಂಜಿನ್ ಏರು ಹತ್ತುವ ಸದ್ದನ್ನು ಬಾಯಲ್ಲೇ ಮಾಡಿ ನನ್ನನ್ನು ನಗಿಸುತ್ತಿದ್ದರು, ಅರ್ಧದಲ್ಲಿ ಉಸಿರು ಕಟ್ಟುತ್ತಿತ್ತು. "ಉಗಿ ಕೆಲಸದವನಿಗೆ ಕೆಮ್ಮು ಅಭ್ಯಾಸವಾಗ್ತದೆ ಬಿಡು" ಅನ್ನುತ್ತಿದ್ದರು. ನಾನು ಎಂಟು ವರ್ಷದವನಿದ್ದಾಗ ತೀರಿಕೊಂಡರು.

ಈಗ ನಿಜ ಹೇಳಬೇಕು. ಆ ವಿಡಿಯೋವನ್ನು ನಾಲ್ಕನೇ ಸಲ ನೋಡುವಾಗ ನನ್ನ ಕಣ್ಣು ಹೂವಿನ ಮೇಲಿರಲಿಲ್ಲ. ಎಂಜಿನ್ನಿನ ಒಳಗೆ ಸಲಿಕೆ ಹಿಡಿದು ಬಗ್ಗಿ ಏಳುತ್ತಿದ್ದ ಮನುಷ್ಯನ ಮೇಲಿತ್ತು. ಮುಖಕ್ಕೆ ಒಂದು ಬಟ್ಟೆಯೂ ಇಲ್ಲ.

ನನ್ನ ಕೈಕೆಳಗೆ ಒಡಿಶಾದ ಒಬ್ಬ ಹುಡುಗ ಒಂಬತ್ತು ವರ್ಷ ಕಲ್ಲಿದ್ದಲು ಹಾಕಿದ. ಬೂದಿ ಎಳೆಯುವುದೂ ಅವನೇ. ಮೂರನೇ ವರ್ಷಕ್ಕೆ ಕೆಮ್ಮು ಶುರುವಾಯಿತು. ನನ್ನ ಹತ್ತಿರ ಬಂದು "ಸಾಬ್, ರಾತ್ರಿ ನಿದ್ದೆ ಬರಲ್ಲ" ಅಂದ. ನಾನು ಏನಂದೆ ಗೊತ್ತಾ? "ಅಭ್ಯಾಸವಾಗ್ತದೆ ಬಿಡು." ಅಜ್ಜನ ಮಾತನ್ನೇ ಹಿಂದಿಯಲ್ಲಿ ಹೇಳಿದ್ದೆ. ಮಾಸ್ಕ್ ಕೇಳಿ ಮೇಲಿನವರಿಗೆ ಒಂದು ಚೀಟಿ ಬರೆಯಬಹುದಿತ್ತು. ಬರೆಯಲಿಲ್ಲ. ಕೆಟ್ಟತನದಿಂದಲ್ಲ, ಉಗಿ ಅಂದರೆ ಹೀಗೇ ಎಂದುಕೊಂಡಿದ್ದೆ. ಅವನು ಊರಿಗೆ ವಾಪಸ್ ಹೋದ. ನಾನೂ ಮರೆತೆ.

ಮರುದಿನ ಬೆಳಿಗ್ಗೆ ಹಳೇ ಡೈರಿ ಹುಡುಕಿ ಅವನ ನಂಬರಿಗೆ ಫೋನ್ ಹಚ್ಚಿದೆ. ಅದೃಷ್ಟಕ್ಕೆ ನಂಬರು ಬದಲಾಗಿರಲಿಲ್ಲ. ಸಣ್ಣ ಅಂಗಡಿ ಇಟ್ಟಿದ್ದಾನಂತೆ, ಇಬ್ಬರು ಮಕ್ಕಳು. "ಗೇಜ್ ಗ್ಲಾಸ್ ನೋಡೋದು ನೀವೇ ಕಲಿಸಿದ್ದು ಸಾಬ್" ಎಂದು ನಕ್ಕ. ನಗುವಿನ ಮಧ್ಯೆ ಕೆಮ್ಮಿದ. ಆ ಕೆಮ್ಮು ನನಗೆ ಚೆನ್ನಾಗಿ ಗೊತ್ತು. ಆಗ ನಾನು ಹೇಳಿದ್ದು ತಪ್ಪಾಗಿತ್ತು ಅಂದೆ. ಅವನಿಗೆ ಅದು ನೆನಪೇ ಇರಲಿಲ್ಲ! ಎದೆಯ ಎಕ್ಸ್‌ರೇ ತೆಗೆಸು, ಖರ್ಚು ನನ್ನದು ಎಂದು ಒತ್ತಾಯ ಮಾಡಿದ ಮೇಲೆ ಒಪ್ಪಿಕೊಂಡ. ಹೋಗುತ್ತಾನೋ ಇಲ್ಲವೋ, ಮುಂದಿನ ವಾರ ಮತ್ತೆ ಕೇಳುತ್ತೇನೆ.

ಮಗ "ಬಾ ಅಪ್ಪಾ, ಚೀನಾಕ್ಕೆ ಹೋಗಿ ಆ ರೈಲು ಹತ್ತೋಣ" ಅನ್ನುತ್ತಿದ್ದಾನೆ. ಆಸೆ ಇಲ್ಲ ಎಂದರೆ ಸುಳ್ಳಾಗುತ್ತದೆ. ಆ ಸೀಟಿ ಕೇಳಿದರೆ ನನಗೆ ಈಗಲೂ ರೋಮ ನಿಲ್ಲುತ್ತದೆ. ಆ ರೈಲು ಉಳಿಯಲಿ, ಇನ್ನೂ ನೂರು ವರ್ಷ ಓಡಲಿ. ಹೋದರೆ ನಾನು ಹೂವಿನ ಫೋಟೋ ತೆಗೆಯುವ ಮೊದಲು ಎಂಜಿನ್ ಹತ್ತಿರ ಹೋಗುತ್ತೇನೆ. ಭಾಷೆ ಬರುವುದಿಲ್ಲ, ಆದರೂ ಆ ಸಲಿಕೆಯವನ ಕೈಗೆ ನಾಲ್ಕು ಒಳ್ಳೆಯ ಮಾಸ್ಕ್ ಕೊಟ್ಟು ಬರುತ್ತೇನೆ. ಬ್ಯಾಗಿನಲ್ಲಿ ಮೊದಲು ಇಡಬೇಕಾದ್ದು ಅದೇ.