ಪೆವಿಲಿಯನ್ನಿನ ಹೊರಗೆ ಚಹಾ

ಕಳೆದ ತಿಂಗಳು ಒಂದು ಶನಿವಾರ ಇತಿಹಾಸದ ಸರ್ ನಮ್ಮನ್ನೆಲ್ಲ ಪ್ರೊಜೆಕ್ಟರ್ ಇರುವ ಕೋಣೆಗೆ ಕರೆದರು. ಸಿನಿಮಾ ಎಂದರು, ಓಡಿ ಹೋದೆವು. ಹೋಗಿ ನೋಡಿದರೆ ಅದು ಸಾಕ್ಷ್ಯಚಿತ್ರ. ಮುಕ್ಕಾಲು ಪಾಲು ಕಪ್ಪು ಬಿಳುಪು, ಅದರ ಮೇಲೆ ಬೇಸ್‌ಬಾಲ್. ಹಿಂದಿನ ಬೆಂಚಿನವರು ಆಗಲೇ ಬಾಗಿಲ ಕಡೆ ನೋಡತೊಡಗಿದ್ದರು. ನಾನೂ ಹಿಂದಿನ ಬೆಂಚಿನವನೇ.

ಚಿತ್ರದ ಹೆಸರು 'ದಿ ಲೈಫ್ ಅಂಡ್ ಟೈಮ್ಸ್ ಆಫ್ ಹ್ಯಾಂಕ್ ಗ್ರೀನ್‌ಬರ್ಗ್'. 1998ರಲ್ಲಿ ಅವೀವಾ ಕೆಂಪ್ನರ್ ಎಂಬವರು ಮಾಡಿದ್ದು. ಗ್ರೀನ್‌ಬರ್ಗ್ ಅಮೆರಿಕದ ಡೆಟ್ರಾಯಿಟ್ ಟೈಗರ್ಸ್ ತಂಡದ ಆಟಗಾರ, ಯಹೂದಿ. ಒಬ್ಬ ಹುಡುಗ ಎದ್ದು ನಿಂತು ಕೇಳಿಯೇ ಬಿಟ್ಟ: "ಸರ್, ಅವರ ಕಥೆ ನಮಗ್ಯಾಕೆ?" ಸರ್ ಸಿಟ್ಟಾಗಲಿಲ್ಲ. "ಆಟ ಆಡುವಾಗ ಹೆಸರು ಹಿಡಿದು ಬೈದರೆ ಹೇಗಿರುತ್ತೆ ಅಂತ ನಿಮಗೆ ಯಾರೂ ಪಾಠ ಮಾಡಬೇಕಾಗಿಲ್ಲ, ಅದಕ್ಕೆ. ಕೂತ್ಕೋ" ಎಂದರು. ಅವನು ಕೂತ. ಆಮೇಲೆ ಯಾರೂ ಬಾಗಿಲ ಕಡೆ ನೋಡಲಿಲ್ಲ.

ಬೇಸ್‌ಬಾಲ್ ನಿಯಮಗಳು ನನಗೆ ಈಗಲೂ ಅರ್ಥವಾಗಿಲ್ಲ. ಹೋಮ್ ರನ್ ಅಂದರೆ ನಮ್ಮ ಸಿಕ್ಸರ್‌ನ ಅಣ್ಣ ಎಂದುಕೊಂಡೆ. 1938ರಲ್ಲಿ ಗ್ರೀನ್‌ಬರ್ಗ್ ಅಂಥವನ್ನು 58 ಹೊಡೆದ. ಆಗ ದಾಖಲೆ ಇದ್ದದ್ದು 60. ಎದುರು ತಂಡದವರು ಬೆಂಚಿನಲ್ಲಿ ಕೂತು ಅವನ ಧರ್ಮ ಹಿಡಿದು ಬೈಯುತ್ತಿದ್ದರು, ಪ್ರೇಕ್ಷಕರೂ ದನಿ ಸೇರಿಸುತ್ತಿದ್ದರು. 1934ರಲ್ಲಿ ತಂಡ ಲೀಗ್ ಗೆಲ್ಲುವ ಹೊಸ್ತಿಲಲ್ಲಿದ್ದಾಗ ಯಹೂದಿಗಳ ಹೊಸ ವರ್ಷ ಬಂತು. ಆಡಬೇಕೋ ಬೇಡವೋ ಎಂದು ಒದ್ದಾಡಿ ಕೊನೆಗೆ ಆಡಿದ. ಅವನ ಎರಡು ಹೋಮ್ ರನ್ನುಗಳಿಂದಲೇ ತಂಡ 2-1ರಲ್ಲಿ ಗೆದ್ದಿತು. ಕೆಲವೇ ದಿನಗಳ ನಂತರ ಅವರ ದೊಡ್ಡ ಉಪವಾಸದ ದಿನ. ಅವತ್ತು ಮೈದಾನಕ್ಕೆ ಹೋಗದೆ ಪ್ರಾರ್ಥನೆಗೆ ಹೋದ. ತಂಡ ಸೋತಿತು. ರೋಜಾ ಇಟ್ಟುಕೊಂಡು ಏಪ್ರಿಲ್ ಬಿಸಿಲಲ್ಲಿ ಫೀಲ್ಡಿಂಗ್ ಮಾಡಿದ ನಮಗೆ ಈ ಭಾಗವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ನನಗೆ ನೆನಪಾದದ್ದು ನನ್ನದೇ ಕಥೆ. ಎರಡು ವರ್ಷದ ಹಿಂದೆ, ಟೆನಿಸ್ ಬಾಲ್ ಟೂರ್ನಮೆಂಟು. ಲಾಂಗ್ ಆನ್‌ನಲ್ಲಿ ನಾನೊಂದು ಸುಲಭದ ಕ್ಯಾಚ್ ಬಿಟ್ಟೆ. ಹಗ್ಗದ ಆಚೆಯಿಂದ ಒಬ್ಬ ಕೂಗಿದ, "ಪಾಕಿಸ್ತಾನಕ್ಕೆ ಹೋಗಿ ಆಡೋ!" ಸುತ್ತ ಇದ್ದವರು ನಕ್ಕರು. ನಮ್ಮ ವಿಜಯಪುರ ಬಿಟ್ಟರೆ ದೇವನಹಳ್ಳಿ, ಅದನ್ನು ಬಿಟ್ಟರೆ ಬೆಂಗಳೂರು, ಅಷ್ಟೇ ಕಂಡವನು ನಾನು. ಮನೆಗೆ ಬಂದು ಹೇಳಿದರೆ ಅಬ್ಬಾ ರೇಷ್ಮೆಗೂಡು ಬೇಯಿಸುವ ಬಾಣಲೆಯಿಂದ ತಲೆ ಎತ್ತದೆ, "ಕ್ಯಾಚ್ ಹಿಡಿಯೋದು ಕಲಿ, ಬೇಟಾ" ಎಂದರು, ಅಷ್ಟೇ. ಆ ಕೂಗನ್ನು ನಾನು ಇವತ್ತಿಗೂ ಮರೆತಿಲ್ಲ. ಗ್ರೀನ್‌ಬರ್ಗ್ ತೆರೆಯ ಮೇಲೆ ಬ್ಯಾಟ್ ಬೀಸಿದಾಗೆಲ್ಲ ಆ ಹಗ್ಗದ ಆಚೆಯವನಿಗೇ ಹೊಡೆದಂತೆ ಖುಷಿಯಾಗುತ್ತಿತ್ತು.

ಚಿತ್ರ ಅಲ್ಲಿಗೇ ಮುಗಿದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ದೀಪ ಹಾಕಿದ ಮೇಲೆ ಸರ್ ಕೇಳಿದರು, "ನಮ್ಮ ಕಡೆ ಇಂಥವರು ಯಾರಿದ್ದಾರೆ?" ಯಾರೋ 'ಲಗಾನ್'ನ ಕಚ್ರಾ ಎಂದರು. ಎಲ್ಲರೂ ನಕ್ಕೆವು. ಸರ್ ಮಾತ್ರ ನಗಲಿಲ್ಲ. "ಆ ಪಾತ್ರದ ಹಿಂದೆ ಒಬ್ಬ ನಿಜವಾದ ಮನುಷ್ಯ ಇದ್ದಾನೆ ಅಂತ ಹೇಳ್ತಾರೆ. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ" ಎಂದು ರಾಮಚಂದ್ರ ಗುಹಾ ಅವರ 'ಎ ಕಾರ್ನರ್ ಆಫ್ ಎ ಫಾರಿನ್ ಫೀಲ್ಡ್' ಪುಸ್ತಕವನ್ನು ನನ್ನ ಕೈಗಿಟ್ಟರು. ಜೋರಾಗಿ ನಕ್ಕಿದ್ದು ನಾನೇ ಇರಬೇಕು.

ಪಲ್ವಂಕರ್ ಬಾಲೂ ಹುಟ್ಟಿದ್ದು 1876ರಲ್ಲಿ, ಚರ್ಮದ ಕೆಲಸದ ಜಾತಿಯಲ್ಲಿ. ಬೆಳೆದದ್ದು ಪುಣೆಯಲ್ಲಿ. ಅಲ್ಲಿನ ಇಂಗ್ಲಿಷರ ಕ್ಲಬ್ಬಿನಲ್ಲಿ ಪಿಚ್ಚಿಗೆ ರೋಲರ್ ಎಳೆಯುವುದು, ನೆಟ್ ಕಟ್ಟುವುದು, ಸಾಹೇಬರಿಗೆ ಅಭ್ಯಾಸಕ್ಕೆ ಬೌಲಿಂಗ್ ಮಾಡುವುದು ಅವರ ಕೆಲಸ. ಗ್ರೇಗ್ ಎಂಬ ಸಾಹೇಬ ತನ್ನನ್ನು ಔಟ್ ಮಾಡಿದಾಗೆಲ್ಲ ಎಂಟಾಣೆ ಕೊಡುತ್ತಿದ್ದ ಎಂಬ ಕಥೆ ಇದೆ. ಬ್ಯಾಟ್ ಮಾತ್ರ ಯಾರೂ ಕೈಗೆ ಕೊಡಲಿಲ್ಲ. ಆ ಎಡಗೈ ಸ್ಪಿನ್ ನೋಡಿ ಪುಣೆಯ ಹಿಂದೂ ತಂಡದವರು, ಯುರೋಪಿಯನ್ನರನ್ನು ಸೋಲಿಸಲು ಇವನು ಬೇಕೇ ಬೇಕು ಎಂದು ಸೇರಿಸಿಕೊಂಡರು. ಮೈದಾನದಲ್ಲಿ ಎಲ್ಲರೂ ಒಂದೇ ಚೆಂಡು ಮುಟ್ಟುತ್ತಿದ್ದರು. ಚಹಾದ ಹೊತ್ತಿಗೆ ಉಳಿದವರು ಪೆವಿಲಿಯನ್ ಒಳಗೆ ಪಿಂಗಾಣಿ ಕಪ್ಪಿನಲ್ಲಿ ಕುಡಿದರೆ, ಬಾಲೂ ಅವರಿಗೆ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು.

1906ರಲ್ಲಿ ಬೊಂಬಾಯಿಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿತು. ಆ ಗೆಲುವಿನಲ್ಲಿ ಬಾಲೂ ಅವರ ಬೌಲಿಂಗ್ ದೊಡ್ಡದು. 1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ಪಾರ್ಸಿಗಳು, ಹಿಂದೂಗಳು, ಅಲಿಗಢದ ಮುಸ್ಲಿಮರು ಎಲ್ಲ ಇದ್ದ ತಂಡ. ತಂಡ ಸೋತದ್ದೇ ಹೆಚ್ಚು, ಬಾಲೂ ಮಾತ್ರ ಆ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದರು. (ಗ್ರೀನ್‌ಬರ್ಗ್ ಹುಟ್ಟಿದ್ದೂ ಅದೇ 1911ರಲ್ಲಿ. ಎರಡು ಕಥೆಗಳನ್ನು ಪಕ್ಕಪಕ್ಕ ಇಟ್ಟಾಗ ಕಣ್ಣಿಗೆ ಬಿತ್ತು.) ಇಷ್ಟಾದರೂ ಹಿಂದೂ ತಂಡ ಬಾಲೂ ಅವರನ್ನು ನಾಯಕನನ್ನಾಗಿ ಮಾಡಲಿಲ್ಲ. 1923ರಲ್ಲಿ ಅವರ ತಮ್ಮ ವಿಠ್ಠಲ್‌ಗೆ ಆ ಸ್ಥಾನ ಸಿಕ್ಕಿತು. ಅಣ್ಣನಿಗೆ ಕೊಡದೆ ತಮ್ಮನಿಗೆ ಕೊಟ್ಟರೆ ಲೆಕ್ಕ ಚುಕ್ತಾ ಆಗುತ್ತದೆಯೇ? ನನಗೆ ಹಾಗನ್ನಿಸುವುದಿಲ್ಲ.

ಆ ಮಣ್ಣಿನ ಕುಡಿಕೆಯ ಪುಟದಲ್ಲಿ ನಾನು ನಿಂತುಬಿಟ್ಟೆ. ಕಾರಣ ಪುಣೆಯಲ್ಲ, ನಮ್ಮದೇ ತಂಡ.

ನಮ್ಮ ಮೊಹಲ್ಲಾ ತಂಡದ ವೇಗದ ಬೌಲರ್ ಕಾಲೋನಿಯ ಹುಡುಗ. ಅವನ ತಂದೆ ಪೌರಕಾರ್ಮಿಕರು. ಯಾರ್ಕರ್ ಬೇಕಾದಾಗ ನಾವು ಅವನನ್ನು "ಅಣ್ಣಾ" ಎನ್ನುತ್ತಿದ್ದೆವು. ಕಳೆದ ವರ್ಷ ಫೈನಲ್ ಗೆದ್ದ ರಾತ್ರಿ ಒಬ್ಬರ ಮನೆಯಲ್ಲಿ ಬಿರಿಯಾನಿ. ದಸ್ತರ್‌ಖಾನ್ ಹಾಸಿ ನಾಲ್ಕು ನಾಲ್ಕು ಜನ ಒಂದೊಂದು ತಾಟಿಗೆ ಕೂತೆವು. ಅವನಿಗೆ ಪಾರ್ಸೆಲ್ ಕಟ್ಟಿಸಿದೆವು. "ಮನೆಯವರಿಗೂ ಆಗುತ್ತೆ" ಎಂದು ಬಾಗಿಲ ಹತ್ತಿರ ಕವರ್ ಕೊಟ್ಟವನು ನಾನು. ಅವನು ತೆಗೆದುಕೊಂಡು ಸೈಕಲ್ ಹತ್ತಿ ಹೋದ. ಅವತ್ತು ಅದು ಒಳ್ಳೆಯತನ ಎಂದೇ ಅಂದುಕೊಂಡಿದ್ದೆ. ಒಂದೇ ತಾಟಿನಲ್ಲಿ ಉಣ್ಣುವುದನ್ನು ನಾವು ಎಷ್ಟು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ!

ಕಳೆದ ಭಾನುವಾರ ಮೈದಾನದಲ್ಲಿ ಅವನಿಗೆ ಬಾಲೂ ಕಥೆ ಹೇಳಿದೆ. ಗಮನವಿಟ್ಟು ಕೇಳಿದ.

"ಲೆಫ್ಟಾ, ರೈಟಾ?"

"ಲೆಫ್ಟ್. ಸ್ಪಿನ್."

"ಓ, ಸ್ಪಿನ್ನರ್ರಾ" ಎಂದ. ಸ್ವಲ್ಪ ನಿರಾಸೆಯಾದಂತಿತ್ತು.

ಚಹಾದ ವಿಷಯವನ್ನೂ ಹೇಳಿದೆ. ಅವನು ಏನೂ ಹೇಳಲಿಲ್ಲ, ಬಾಲಿಗೆ ಅಂಟಿದ್ದ ಮಣ್ಣು ಒರೆಸುತ್ತಿದ್ದ. ಆಮೇಲೆ ನಾನೇ ಪಾರ್ಸೆಲ್ ಮಾತು ತೆಗೆದೆ. ಹೇಗೆ ಶುರುಮಾಡಬೇಕೆಂದು ತಿಳಿಯದೆ, "ಅವತ್ತಿನ ಬಿರಿಯಾನಿ..." ಎಂದು ನಿಲ್ಲಿಸಿದೆ.

"ಚೆನ್ನಾಗಿತ್ತು ಕಣೋ" ಎಂದ. "ಮನೆಗೆ ಹೋಗೋಷ್ಟರಲ್ಲಿ ತಣ್ಣಗಾಗಿತ್ತು, ಅಷ್ಟೇ."

ಹಾಗೆಂದವನು ಬೌಲಿಂಗ್ ಹಾಕಲು ತನ್ನ ಗುರುತಿನ ಕಡೆ ನಡೆದುಹೋದ.